ಏಳು ಹನ್ನೊಂದರ ಸೂರ್ಯಾಸ್ತ

ಜುಲೈ 8, ಮಂಗಳವಾರ, ಇಚಲಕರಂಜಿ

ಇಂದು ಆಶಿಷನ ಕೋಡ್ ತೆರೆದೆ. ಮಾರ್ಚ್ ಹನ್ನೊಂದರಂದು ಅವನು ತೀರಿಕೊಂಡ ಮೇಲೆ ಇದೇ ಮೊದಲು. ಕಸ ಗುಡಿಸುವಾಗ ಏನು ಅನಿಸುತ್ತದೋ ಅಷ್ಟೇ ಅನಿಸಿತು, ಅಂದರೆ ಏನೂ ಇಲ್ಲ.

ತೆರೆಯಲೇಬೇಕಾಗಿತ್ತು. ಸರ್ವರ್ ಕಂಪನಿಯವರ ಮೂರನೆಯ ಮೇಲ್ ಬಂದಿದೆ. ಹತ್ತನೆಯ ತಾರೀಖಿನಿಂದ ಕೋಡನ್ನು ಓಡಿಸುವ 'ನೋಡ್' ತಂತ್ರಾಂಶದ ಹಳೆಯ ಆವೃತ್ತಿ ನಡೆಯುವುದಿಲ್ಲ, ಹೊಸ ಆವೃತ್ತಿಗೆ ಬರದಿದ್ದರೆ ಆ್ಯಪ್ ನಿಲ್ಲುತ್ತದೆ. ಅದೇ ಹೊತ್ತಿಗೆ ಚಾತುರ್ಮಾಸ ಬೇರೆ ಶುರು. ಆಶಿಷನ 'ಹೊತ್ತಿನ ಗಂಟೆ' ಈಗ ನಿಂತರೆ ಮುನ್ನೂರ ನಲವತ್ತು ಮನೆಗಳಿಂದ ಫೋನ್ ಬರುತ್ತದೆ, ಎಲ್ಲರೂ ಮೊದಲು ನಾನು ಹೇಗಿದ್ದೇನೆ ಎಂದು ಕೇಳುತ್ತಾರೆ. ಅದು ಬೇಡವೆಂದೇ ಕೆಲಸಕ್ಕೆ ಕೂತೆ.

ಆ್ಯಪ್ ಅವನು ತನ್ನ ತಾಯಿಗಾಗಿ, ಅಂದರೆ ನನ್ನ ಅತ್ತೆಗಾಗಿ ಮಾಡಿದ್ದು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದವರು ಬಹಳ ಜನ. ಆಯಾ ಊರಿನ ಸೂರ್ಯಾಸ್ತಕ್ಕೆ ಐದು ನಿಮಿಷ ಮೊದಲು ಫೋನಿನಲ್ಲಿ ಗಂಟೆ ಬಡಿಯುತ್ತದೆ, ಅವರು ತಟ್ಟೆಯಿಂದ ಏಳುತ್ತಾರೆ. ತಾಯಿಯಿಂದ ನೆಂಟರಿಗೆ, ನೆಂಟರಿಂದ ಕಬನೂರ, ದಾನೋಳಿ, ಕೊಲ್ಹಾಪುರ, ಗಡಹಿಂಗ್ಲಜದವರೆಗೆ ಹಬ್ಬಿತು. ಗಂಟೆಯ ಸದ್ದು ದಾನೋಳಿ ಬಸದಿಯದು. ಅವನೇ ಹೋಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದ.

ಕೋಡ್ ಬರೆಯುವುದರಲ್ಲಿ ಅವನು ಹಳೆಯ ಕಾಲದವನು. ಬೇರೆ ಫೈಲಿನಿಂದ ಏನಾದರೂ ಬೇಕಾದರೆ 'ರಿಕ್ವೈರ್' ಎಂದು ತರಿಸಿಕೊಳ್ಳುತ್ತಿದ್ದ. ನಮ್ಮ ಆಫೀಸಿನಲ್ಲಿ ನಾವೆಲ್ಲ 'ಇಂಪೋರ್ಟ್' ಬರೆಯತೊಡಗಿ ವರ್ಷಗಳಾದವು. ಕೋಡಿನ ಭಾಷೆ ಜಾವಾಸ್ಕ್ರಿಪ್ಟ್ ಒಂದೇ, ಕೊಡುವ ತರಿಸುವ ರೀತಿ ಬೇರೆ. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಸಾರಿನ ಉಪ್ಪಿನ ಮೇಲೆ ಜಗಳವಾಡಿದರೆ ನಾವು ಇದರ ಮೇಲೆ ಆಡುತ್ತಿದ್ದೆವು.

ಬೇರೆಯವರು ಬರೆದಿಟ್ಟ, ಅವನು ಬಳಸಿಕೊಂಡ ಪ್ಯಾಕೇಜುಗಳನ್ನೆಲ್ಲ ಒಂದೇ ಏಟಿಗೆ ಹೊಸದು ಮಾಡಿದೆ. ಸೂರ್ಯಾಸ್ತದ ಲೆಕ್ಕ ಹಾಕುವ ಪ್ಯಾಕೇಜನ್ನು ಅದರ ಕರ್ತರು ಈಗ ಇಂಪೋರ್ಟಿನವರಿಗೆಂದೇ ಬರೆದಿದ್ದಾರೆ. ಹಳೆಯ ನೋಡ್ ಆಗಿದ್ದರೆ ರಿಕ್ವೈರ್ ಕಂಡ ತಕ್ಷಣ ಕೆಂಪು ಅಕ್ಷರ ಕಾರಿ ನಿಲ್ಲುತ್ತಿತ್ತು. ಹೊಸದು ಉದಾರಿ, ಒಳಗೆ ಬಿಟ್ಟುಕೊಂಡಿತು. ಎಚ್ಚರಿಕೆಯ ಒಂದು ಹಳದಿ ಸಾಲು ಬಂತು. ಓದಲಿಲ್ಲ. ಆ್ಯಪ್ ತೆರೆದೆ. ಇಚಲಕರಂಜಿ, ಸೂರ್ಯಾಸ್ತ 7:11. ಗೋಡೆಯ ಕ್ಯಾಲೆಂಡರಿನಲ್ಲೂ 7:11. ಲ್ಯಾಪ್‌ಟಾಪ್ ಮುಚ್ಚಿದೆ.

ಏಳು ಗಂಟೆ ಆರು ನಿಮಿಷಕ್ಕೆ ಗಂಟೆ ಬಡಿಯಿತು.

ಜುಲೈ 10, ಗುರುವಾರ

ಅತ್ತೆ ಬಸದಿಗೆ ಹೋಗಿ ವ್ರತ ಹಿಡಿದು ಬಂದರು. ರಾತ್ರಿ ಊಟ ಅವರು ಮದುವೆಗೂ ಮೊದಲೇ ಬಿಟ್ಟವರು. ಬಿಪಿ ಗುಳಿಗೆಗೆಂದು ರಾತ್ರಿ ನೀರು ಮಾತ್ರ ಇಟ್ಟುಕೊಂಡಿದ್ದರು. ಈಗ ಅದೂ ಇಲ್ಲ.

"ನಾಲ್ಕ ತಿಂಗಳ ಹೊತ್ತ ಮುಳುಗಿದ ಮ್ಯಾಲ ನೀರೂ ಮುಟ್ಟಂಗಿಲ್ಲ," ಅಂದರು. "ಆಶಿಷನ ಹೆಸರಿಲೆ ಹಿಡದೇನಿ. ಒಂದ ದಿನಾನೂ ಮುರೀಬಾರದು."

"ಗುಳಿಗಿ ಹ್ಯಾಂಗ್ರಿ ಅತ್ತಿ?"

"ಅವನ ಗಂಟಿ ಐತಲ್ಲ. ಗಂಟಿ ಆದ ಕೂಡಲೆ ಗುಳಿಗಿ, ಒಂದ ತಂಬಗಿ ನೀರು. ಮುಗೀತು."

ಡಾಕ್ಟರನ್ನು ಕೇಳಬೇಕು ಅಂದೆ. ಕೇಳಿದ್ದಾಯಿತು ಅಂದರು. ನನಗೆ ವಾದ ಮಾಡುವ ಮನಸ್ಸಿರಲಿಲ್ಲ. ಯಾವುದಕ್ಕೂ ಇಲ್ಲ.

ಜುಲೈ 19, ಶನಿವಾರ

ಮಳೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ನಡೆಯುತ್ತಿವೆ. ಮಧ್ಯಾಹ್ನ ಒಂದು ತಾಸು ಕರೆಂಟು ಹೋಯಿತು, ಎಲ್ಲ ನಿಂತಿತು. ಬಂತು, ಮತ್ತೆ ಶುರುವಾಯಿತು. ಬರೆಯುವಂಥದ್ದು ಏನೂ ಇಲ್ಲ.

ಜುಲೈ 28, ಸೋಮವಾರ

ಆಫೀಸು. ಬಸ್ಸು. ಗಂಟೆ. ಅತ್ತೆ ನೀರು ಕುಡಿದರು.

ಆಗಸ್ಟ್ 6, ಬುಧವಾರ

ಮನೆಯಿಂದಲೇ ಕೆಲಸ. ಇತ್ತೀಚೆಗೆ ಗಂಟೆ ಬಡಿಯುವ ಹೊತ್ತಿಗೆ ಅಡಿಗೆಮನೆಯಲ್ಲಿ ಟ್ಯೂಬ್ ಹಾಕಬೇಕಾಗುತ್ತದೆ. ಮೋಡ. ಹದಿನೈದು ದಿನದಿಂದ ಸೂರ್ಯನ ಮುಖ ಕಂಡಿಲ್ಲ. ಕಾಣಬೇಕೆಂದೂ ಅನಿಸಿಲ್ಲ.

ಅತ್ತೆ ತಂಬಿಗೆ ಹಿಡಿದು ಹೊರಗಿನ ಕೋಣೆಯಲ್ಲಿ ಕೂತಿರುತ್ತಾರೆ. ಫೋನನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಇಂದು ಬಹಳ ಹೊತ್ತು ಹಾಗೇ ಕೂತಿದ್ದರು. ಬೇಕಾದರೆ ಈಗಲೇ ಕುಡಿಯಿರಿ ಅಂದೆ. "ಇನ್ನ ಆಗಿಲ್ಲಲ್ಲ," ಅಂದರು.

ಆಗಸ್ಟ್ 14, ಗುರುವಾರ

ಕೊಲ್ಹಾಪುರದ ಆಫೀಸು. ನಮ್ಮ ಪಕ್ಕದ ಮೇಜಿನ ಉಜ್ವಲಾ ಗಡಹಿಂಗ್ಲಜದವಳು. ಆಕೆಯ ಬಾಯಿಗೆ ಬೀಗವಿಲ್ಲ. ಮಾರ್ಚಿನ ನಂತರ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡುತ್ತಾರೆ, ಇವಳೊಬ್ಬಳು ಮೊದಲಿನ ಹಾಗೇ ತಾಈ, ಅಂದರೆ ಅಕ್ಕಾ, ಎಂದು ಕಿರುಚುತ್ತಾಳೆ. ಅದು ನನಗೆ ಅನುಕೂಲ.

ಒಂದು ನೇಯ್ಗೆ ಮಿಲ್ಲಿನ ಪ್ರೋಗ್ರಾಂ ಅವಳ ಪಾಲಿಗೆ ಬಂದಿದೆ. ಅರ್ಧ ಫೈಲು ರಿಕ್ವೈರ್, ಅರ್ಧ ಇಂಪೋರ್ಟ್.

"ಅಗ ಬಾಈ! ನೂತನತಾಈ, ಇಲ್ಲಿ ಬರ್ರಿ," ಅಂದಳು. "ಇದಕ್ಕ ಫಂಕ್ಷನ್ ಕೇಳಿದ್ರ ಏನೋ ಒಂದ ಗಂಟ ಕೊಡಾಕತ್ತೈತಿ. ಫಂಕ್ಷನ್ನ ಅಲ್ಲ ಅಂತೈತಿ."

ನೋಡಿದೆ. "ಊಟದ ಡಬ್ಬಿ ತರಿಸಿದಿ. ಡಬ್ಬಿನ ಕಚ್ಚಿದರ ಹ್ಯಾಂಗ? ಮುಚ್ಚಳ ತಗಿ. ಒಳಗ 'ಡೀಫಾಲ್ಟ್' ಅಂತ ಇರತೈತಿ, ಅದ ನಿನ್ನ ಚಪಾತಿ. ಮೊದಲ ಈ ಪ್ಯಾಕೇಜು ಚಪಾತಿನ ಕೈಯಾಗ ಕೊಡತಿತ್ತು. ಈಗ ಡಬ್ಬಿಯಾಗ ಇಟ್ಟ ಕೊಡತೈತಿ."

"ಎಷ್ಟ ಸಸಾರ ಹೇಳಿದ್ರಿ," ಅಂದಳು. "ಹಿಂಗ ಮಾತಾಡಿ ಎಷ್ಟ ದಿನ ಆತು ನೀವು."

ಮಾತಾಡಿದ್ದು ನನಗೇನೂ ಗೊತ್ತಾಗಲಿಲ್ಲ. ಐದೂಕಾಲಿನ ಬಸ್ಸು ಹಿಡಿದೆ.

ಆಗಸ್ಟ್ 20, ಬುಧವಾರ

ದಾನೋಳಿಯಿಂದ ಜಿನಗೊಂಡ ಕಾಕಾ ಫೋನ್ ಮಾಡಿದ್ದರು. ಮಾವನವರ ತಮ್ಮ. ಮಳೆ, ಕಬ್ಬು, ನನ್ನ ಮೈ ಹುಷಾರು ಎಲ್ಲ ಕೇಳಿ ಆದ ಮೇಲೆ, ಇಡಬೇಕೆನ್ನುವಷ್ಟರಲ್ಲಿ ಅಂದರು: "ಗಂಟಿ ಸ್ವಲ್ಪ ತಡಾ ಬರತೈತಿ ಅನಸ್ತೈತಿ ವಾ. ಏನ ದೊಡ್ಡ ಮಾತಲ್ಲ."

"ನೆಟ್‌ವರ್ಕ್ ಇರಬೇಕ್ರಿ ಕಾಕಾ."

"ಹೌದ, ಹೌದ. ನೆಟ್‌ವರ್ಕನ ಇರಬೇಕು," ಅಂದು ಇಟ್ಟುಬಿಟ್ಟರು.

ಆಗಸ್ಟ್ 28, ಗುರುವಾರ

ದಶಲಕ್ಷಣ ಪರ್ವ ಶುರು. ಹತ್ತು ದಿನ. ಬಸದಿಯಲ್ಲಿ ಜನ ಹಿಡಿಸುತ್ತಿಲ್ಲ ಎಂದು ಅತ್ತೆ ಹೇಳಿದರು. ಒಂದು ಹೊತ್ತು ಮಾತ್ರ ಉಣ್ಣುವವರು, ಬರೀ ನೀರಿನ ಮೇಲೆ ಇರುವವರು, ಎಲ್ಲರ ಫೋನಿನಲ್ಲೂ ನಮ್ಮ ಗಂಟೆಯೇ ಅಂತೆ. ಯಾರೋ ನನ್ನನ್ನು ಕೇಳಿದರಂತೆ. ನಾನು ಹೋಗಲಿಲ್ಲ. ಅವಲಕ್ಕಿ ತಿಂದೆ, ಉಪ್ಪು ಹಾಕಿರಲಿಲ್ಲ ಎಂದು ತಟ್ಟೆ ತೊಳೆಯುವಾಗ ತಿಳಿಯಿತು.

ಸೆಪ್ಟೆಂಬರ್ 2, ಮಂಗಳವಾರ

ಇದನ್ನು ಕ್ರಮವಾಗಿ ಬರೆಯುತ್ತೇನೆ.

ಆಫೀಸಿನಿಂದ ಹೊರಡುವಾಗ ತಡವಾಯಿತು. ಹಾತಕಣಂಗಲೆ ದಾಟಿದ ಮೇಲೆ ಬಸ್ಸು ಪಂಕ್ಚರ್ ಆಯಿತು. ಎಲ್ಲರನ್ನೂ ಇಳಿಸಿದರು. ಮಳೆ ಎರಡು ದಿನದಿಂದ ಬಿಟ್ಟಿದೆ, ಆಕಾಶ ತೊಳೆದಿಟ್ಟ ಹಾಗಿತ್ತು. ರಸ್ತೆಯ ಪಕ್ಕ ಕಬ್ಬು, ಕಬ್ಬಿನಾಚೆ ಕೊಲ್ಹಾಪುರದ ಕಡೆ ಸೂರ್ಯ. ಬೇರೆ ಕೆಲಸವಿರಲಿಲ್ಲವಾದ್ದರಿಂದ ಅದನ್ನೇ ನೋಡುತ್ತ ನಿಂತೆ. ಕೆಂಪಗೆ ದೊಡ್ಡದಾಗಿ ಇತ್ತು. ಇಳಿಯಿತು. ಮುಗಿಯಿತು. ಪಕ್ಕದಲ್ಲಿದ್ದ ಹೆಂಗಸು ಕೈ ಮುಗಿದಳು. ಗಡಿಯಾರ ನೋಡಿಕೊಂಡೆ, ಆರು ನಲವತ್ತೈದು.

ಬೇರೆ ಬಸ್ಸು ಬಂದು ಹತ್ತಿಸಿಕೊಂಡು ಹೊರಟಿತು. ಹೊರಗೆ ಕತ್ತಲಾಗುತ್ತಿತ್ತು. ಆಗ ಬ್ಯಾಗಿನೊಳಗಿನಿಂದ ದಾನೋಳಿ ಬಸದಿಯ ಗಂಟೆ ಬಡಿಯಿತು. ಏಳು ಆರು. ಫೋನ್ ಹೊರಗೆ ತೆಗೆದು ನೋಡುತ್ತ ಕೂತೆ. ಫೋನಿನ ಮೇಲೆ ಬರೆದಿತ್ತು, ಇಂದಿನ ಸೂರ್ಯಾಸ್ತ 7:11.

ಇದು ಜುಲೈ ಎಂಟರ ಸೂರ್ಯಾಸ್ತ.

ಬಸ್ಸಿನಲ್ಲೇ ತಿಳಿದುಹೋಯಿತು. ಉಜ್ವಲಾಳಿಗೆ ಹೇಳಿದ ಆ ಡಬ್ಬಿ. ಆಶಿಷನ ಫೈಲು ಪ್ಯಾಕೇಜಿಗೆ ರಿಕ್ವೈರ್ ಎಂದು ಕೈ ಚಾಚಿದೆ, ಹೊಸ ಪ್ಯಾಕೇಜು ಡಬ್ಬಿ ಕೊಟ್ಟಿದೆ, ಅವನ ಫೈಲು ಮುಚ್ಚಳ ತೆಗೆಯದೆ ಅದನ್ನೇ ಲೆಕ್ಕ ಮಾಡುವ ಫಂಕ್ಷನ್ ಎಂದು ಕರೆದಿದೆ. ತಪ್ಪಿದೆ. ಆದರೆ ತಪ್ಪಿದರೆ ನಿಲ್ಲಬೇಕಿತ್ತಲ್ಲ?

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಲ್ಯಾಪ್‌ಟಾಪ್ ತೆರೆದೆ. ನಿಲ್ಲದ ಹಾಗೆ ಅವನೇ ವ್ಯವಸ್ಥೆ ಮಾಡಿಟ್ಟಿದ್ದ. ಲೆಕ್ಕ ಯಾವ ಕಾರಣಕ್ಕೆ ತಪ್ಪಿದರೂ ಹಿಂದಿನ ದಿನದ ಸಮಯ ತೋರಿಸು ಎಂದು. ಮೇಲೆ ಒಂದು ಟಿಪ್ಪಣಿ: 'ನಿನ್ನೆಯ ಹೊತ್ತೇ ಇರಲಿ, ಒಂದು ದಿನಕ್ಕೆ ಏನೂ ಆಗುವುದಿಲ್ಲ.' ನಿಜ, ಒಂದು ದಿನಕ್ಕೆ ಒಂದು ನಿಮಿಷದ ವ್ಯತ್ಯಾಸವೂ ಬರುವುದಿಲ್ಲ. ಆದರೆ ಜುಲೈ ಎಂಟರಿಂದ ದಿನಾಲೂ ತಪ್ಪಿದೆ. ಪ್ರತಿ ದಿನವೂ ನಿನ್ನೆಯನ್ನು ಕೇಳಿದೆ, ನಿನ್ನೆ ಮೊನ್ನೆಯನ್ನು ಕೇಳಿತ್ತು. ಸೂರ್ಯ ಬೇಗ ಬೇಗ ಮುಳುಗುತ್ತ ಬಂದ, ನಮ್ಮ ಗಂಟೆ ಅಲ್ಲೇ ಕೂತಿತ್ತು. ಮೋಡದಲ್ಲಿ ಯಾರಿಗೆ ಕಾಣಬೇಕು? ನಾನು ಪರೀಕ್ಷೆ ಮಾಡಿದ್ದು ಆ ಒಂದೇ ದಿನ, ಆ ದಿನ ಅದು ಸರಿಯಾಗಿತ್ತು.

ಸರಿಪಡಿಸಲು ಬೇಕಾಗಿದ್ದು ಒಂದು ಚುಕ್ಕೆ, ಒಂದು ಪದ. 'ಡೀಫಾಲ್ಟ್'. ನಾಳೆಯ ಸೂರ್ಯಾಸ್ತ 6:44 ಎಂದು ಬಂತು.

ಆಮೇಲೆ ಹಳೆಯ ದಿನಗಳನ್ನು ಎಣಿಸಿದೆ. ಜುಲೈ ಇಪ್ಪತ್ತೇಳರವರೆಗೆ ಗಂಟೆಯ ಐದು ನಿಮಿಷದ ಅಂತರ ಕಾಪಾಡಿದೆ. ಇಪ್ಪತ್ತೆಂಟರಿಂದ ಇಂದಿನವರೆಗೆ ಮೂವತ್ತೇಳು ದಿನ ಗಂಟೆ ಹೊತ್ತು ಮುಳುಗಿದ ಮೇಲೆ ಬಡಿದಿದೆ. ಮೂವತ್ತೇಳು ಸಂಜೆ ಅತ್ತೆ ಮಗನ ಹೆಸರಿನ ವ್ರತ ಮುರಿದಿದ್ದಾರೆ. ಪರ್ವದ ಆರು ದಿನ ಸೇರಿ. ಮುನ್ನೂರ ನಲವತ್ತು ಮನೆ ಬೇರೆ.

ನಾನು ರಾತ್ರಿ ಉಣ್ಣುವವಳು, ಅತ್ತೆ ಊಟಕ್ಕೆ ಕರೆದರು. ಹಸಿವಿಲ್ಲ ಅಂದೆ.

ಸೆಪ್ಟೆಂಬರ್ 3, ಬುಧವಾರ

ಆಫೀಸಿಗೆ ರಜೆ ಹಾಕಿದೆ.

ಆರು ಮೂವತ್ತೊಂಬತ್ತಕ್ಕೆ ಗಂಟೆ ಬಡಿದಾಗ ಹೊರಗೆ ಇನ್ನೂ ಬಿಸಿಲಿತ್ತು. ಅತ್ತೆ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದರು. ಸೀರೆ ಕೈಯಲ್ಲೇ ಹಿಡಿದುಕೊಂಡು ನಿಂತುಬಿಟ್ಟರು. ಆಮೇಲೆ ಒಳಗೆ ಬಂದು ಗುಳಿಗೆ ತೆಗೆದುಕೊಂಡು ನೀರು ಕುಡಿದರು. ನನ್ನ ಕಡೆ ನೋಡಿದರು. ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ.

ಗಮನಿಸಿಲ್ಲ ಅನಿಸುತ್ತದೆ. ಒಳ್ಳೆಯದೇ ಆಯಿತು. ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಅವರಿಗೆ ಉಳಿದಿರುವುದು ಈ ವ್ರತ ಒಂದು. ಅದನ್ನು ಅವರ ಮಗನ ಕೋಡೂ ನನ್ನ ಕೈಯೂ ಸೇರಿ ಕೆಡಿಸಿದವು ಎಂದು ಹೇಳಿ ಯಾರಿಗೆ ಏನು ಲಾಭ?

ಇಷ್ಟು ಬರೆದ ಮೇಲೂ ನಿದ್ದೆ ಬರುತ್ತಿಲ್ಲ. ಚಹಾ ಜಾಸ್ತಿಯಾಗಿದೆ.

ಸೆಪ್ಟೆಂಬರ್ 4, ಗುರುವಾರ

ಜಿನಗೊಂಡ ಕಾಕಾರ ಫೋನ್.

"ಈಗ ಗಂಟಿ ಬರೋಬ್ಬರ ಬರಾಕತ್ತೈತಿ ನೋಡವಾ," ಅಂದರು, ಖುಷಿಯಿಂದ.

"ಕಾಕಾ, ತಪ್ಪೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

"ಹೊಲದಾಗ ಇರಾಂವ ನಾ. ಹೊತ್ತ ಮುಳುಗೂದು ಕಾಣೂದಿಲ್ಲೇನ?"

"ಮತ್ತ ನೆಟ್ಟಗ ಹೇಳಬಾರದೇನ್ರಿ ನನಗ!"

"ಹೇಳಾಕಂತನ ಫೋನ ಹಚ್ಚಿದ್ನಿ ಅವತ್ತ. ಬಾಯಿ ಬರಲಿಲ್ಲ. ಸತ್ತ ಹುಡುಗನ ಗಂಟಿ ತಪ್ಪೈತಿ ಅಂತ ಹೆಸರ ಹ್ಯಾಂಗ ಇಡೂದು ವಾ? ಇಲ್ಲಿ ನಾಕ ಮನಿಯವರು ಮಾತಾಡಿಕೊಂಡ್ವಿ. ಹುಡುಗಿಗೆ ಯಾಕ ನೋವ ಮಾಡೂದು, ನಾವ ಹೊತ್ತ ನೋಡಿ ಉಂಡರಾತು ಅಂದ್ವಿ."

ನನ್ನ ಮೇಲಿನ ಮರ್ಯಾದೆಯಿಂದ ಸುಮ್ಮನಿದ್ದರಂತೆ. ಆ ಮರ್ಯಾದೆಗೆ ಬೆಂಕಿ ಹಾಕಬೇಕು ಅನಿಸಿತು. ಹಾಗೆ ಬಾಯಲ್ಲಿ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

"ಹಂಗಾರ ಯಾರದೂ ಕೆಟ್ಟಿಲ್ಲ ಅನ್ರಿ."

"ನಮ್ಮದು ಕೆಟ್ಟಿಲ್ಲ. ಪ್ಯಾಟ್ಯಾಗ ಇರಾವರಿಗೆ ಹೊತ್ತ ಎಲ್ಲಿ ಕಾಣತೈತಿ? ಕಬನೂರದಾಗ, ಇಚಲಕರಂಜ್ಯಾಗ ಗಂಟಿ ನಂಬೇ ಉಂಡಾರ. ಅವರಿಗೆ ತಿಳಸಬೇಕವಾ. ತಿಳೀದ ಮುರದಿದ್ದಕ್ಕ ಪ್ರಾಯಶ್ಚಿತ್ತ ಐತಿ. ನೀ ತಿಳಸಲಿಲ್ಲಂದ್ರ ಅದನ್ನೂ ಅವರು ಮಾಡಾಕ ಆಗಂಗಿಲ್ಲ." ಆಮೇಲೆ ದನಿ ತಗ್ಗಿಸಿ, "ಮೊದಲ ರತ್ನಮಾಲಾ ವೈನಿಗೆ ಹೇಳು," ಅಂದರು. ವೈನಿ ಅಂದರೆ ಅವರ ಅತ್ತಿಗೆ, ನನ್ನ ಅತ್ತೆ.

ಸೆಪ್ಟೆಂಬರ್ 5, ಶುಕ್ರವಾರ

ಹೇಳಲಿಲ್ಲ. ಆಫೀಸಿನಲ್ಲಿ ಉಜ್ವಲಾಳಿಗೆ ಮಾತ್ರ ಹೇಳಿದೆ. "ಎಲ್ಲಾ ಫೈಲು ಇಂಪೋರ್ಟಿಗೆ ತಂದ ಬಿಡ್ರಿ ತಾಈ. ಹಳೇದ ಒಂದ ಸಾಲೂ ಇಡಬ್ಯಾಡ್ರಿ, ಮತ್ತ ತ್ರಾಸ ಕೊಡತೈತಿ," ಅಂದಳು. ಅವಳು ಹೇಳಿದ್ದು ಸರಿ. ಆಫೀಸಿನ ಕೆಲಸವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅವಳ ಮೇಲೆ ಸಿಡುಕಿದೆ. ಅವಳು ಬೇಜಾರು ಮಾಡಿಕೊಳ್ಳದೆ ತನ್ನ ಡಬ್ಬಿಯಿಂದ ಶೇಂಗಾ ಹೋಳಿಗೆ ಕೊಟ್ಟಳು. ಎಳ್ಳು ಜಾಸ್ತಿ ಹಾಕಿದ್ದಾಳೆ. ಎರಡು ತಿಂದೆ.

ಸೆಪ್ಟೆಂಬರ್ 6, ಶನಿವಾರ

ಅನಂತ ಚತುರ್ದಶಿ, ಪರ್ವದ ಕೊನೆಯ ದಿನ. ಅತ್ತೆಯದು ಇಂದು ನಿರ್ಜಲ ಉಪವಾಸ. ಹೊಟ್ಟೆಯಲ್ಲಿ ನೀರಿಲ್ಲದ ಅರವತ್ತಾರು ವರ್ಷದ ಹೆಂಗಸಿಗೆ ಇದನ್ನು ಹೇಗೆ ಹೇಳುವುದು? ಇದು ನೆಪ ಎಂದು ನನಗೆ ಗೊತ್ತಿದೆ. ಮುನ್ನೂರ ನಲವತ್ತು ಮನೆಗೆ ಕಳಿಸುವ ಸಂದೇಶವನ್ನು ನಾಲ್ಕು ಸಲ ಬರೆದು ಅಳಿಸಿದೆ. 'ತಾಂತ್ರಿಕ ತೊಂದರೆಯಿಂದ' ಎಂದು ಶುರುವಾಗುತ್ತಿತ್ತು. ಸುಳ್ಳು. ಯಂತ್ರ ಹಳದಿ ಅಕ್ಷರದಲ್ಲಿ ಬರೆದು ಹೇಳಿತ್ತು, ನಾನು ಓದಲಿಲ್ಲ.

ನನಗೆ ಹೆದರಿಕೆಯಾಗುತ್ತಿದೆ. ಅತ್ತೆ ನನ್ನನ್ನು ಬಿಟ್ಟುಬಿಡುತ್ತಾರೆ ಎಂದು. ಈ ಮನೆಯಲ್ಲಿ ಇನ್ನು ಇರುವವರು ನಾವಿಬ್ಬರೇ.

ಸೆಪ್ಟೆಂಬರ್ 8, ಸೋಮವಾರ

ಇಂದು ಕ್ಷಮಾವಣಿ. ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈ ಮುಗಿದು, ವರ್ಷವಿಡೀ ತಿಳಿದೂ ತಿಳಿಯದೆಯೂ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಕಿರಿಯರು ಮೊದಲು ಕೇಳಬೇಕು. ಅತ್ತೆ ಬಸದಿಯಿಂದ ಬಂದು ಕೂತ ಕೂಡಲೇ ಕಾಲು ಮುಟ್ಟಿದೆ.

"ಅತ್ತಿ, ಕ್ಷಮಾ ಕೇಳೂದು ಸುಮ್ಮನ ಪದ್ಧತಿಗೆ ಅಲ್ಲ," ಅಂದೆ. ಎಲ್ಲ ಹೇಳಿದೆ. ಜುಲೈ ಎಂಟು, ಹಳದಿ ಸಾಲು, ಕಾಕಾರ ಫೋನು, ಬಸ್ಸು, ಮೂವತ್ತೇಳು ದಿನ. ರಿಕ್ವೈರ್ ಇಂಪೋರ್ಟ್ ಎಂದೂ ಏನೋ ಹೇಳಿದೆ, ಅವರಿಗೆ ಅದು ಬೇಕಿರಲಿಲ್ಲ. "ನಿಮ್ಮ ವ್ರತ ನಾ ಮುರದೇನ್ರಿ. ನಿಮಗ ಗೊತ್ತಿಲ್ಲದನ ಮುರದೇನಿ."

ಅತ್ತೆ ಸೆರಗಿನ ಅಂಚನ್ನು ಮಡಚಿದರು, ಬಿಡಿಸಿದರು. "ನನಗ ಗೊತ್ತಿಲ್ಲಂತ ಯಾರ ಹೇಳಿದರು?" ಅಂದರು.

ನನಗೆ ಅರ್ಥವಾಗಲಿಲ್ಲ.

"ಹನ್ನೆರಡ ವರ್ಷದಾಕಿ ಇದ್ದಾಗಿಂದ ಹೊತ್ತ ನೋಡಿ ಉಣ್ಣಾಕಿ ನಾ. ಮೋಡ ಇದ್ದರೇನಾತು? ಅಂಗಳದಾಗ ಅಂಗೈ ಹಿಡದ್ರ ಗೆರಿ ಕಾಣಬೇಕು. ಗೆರಿ ಕಾಣಲಿಲ್ಲಂದ್ರ ಹೊತ್ತ ಹೋತು. ಆಗಸ್ಟದಾಗ ದಿನಾ ನೋಡತಿದ್ನಿ. ಗೆರಿ ಹೋಗತಿದ್ದು. ಗಂಟಿ ಆಗತಿರಲಿಲ್ಲ."

"ಮತ್ತ ಹೊತ್ತಿದ್ದಾಗನ ಯಾಕ ಕುಡೀಲಿಲ್ರಿ?"

"ಅವ ಕರದಿರಲಿಲ್ಲಲ್ಲ."

ಸೆರಗಿನ ಅಂಚನ್ನು ಮತ್ತೆ ಮಡಚಿದರು. ಆಮೇಲೆ ತಾವೇ ಮುಂದುವರಿಸಿದರು.

"ಆಶಿಷ ಎಂದ ವ್ಯಾಳ್ಯಾಕ ಸರಿಯಾಗಿ ಬಂದಾನ ಹೇಳು? ಸಾಲಿಗೆ ಹೋಗೂವಾಗಿಂದ ತಡಾನ. ನಾ ಕಾದೇನಿ. ಗಂಟಿ ತಡಾ ಆಗಾಕ ಹತ್ತಿದಾಗ ನನಗ ಹಂಗ ಅನಸ್ತು, ಇದ ಅವಂದ ಗುಣಾ, ಬರಲಿ ಅಂತ. ಅದ ಆದ ಮ್ಯಾಲನ ನೀರ ಬಾಯಾಗ ಹಾಕ್ಕೊಂಡ್ನಿ. ನೀ ತಿಳೀದ ಮಾಡಿದಿ. ನಾ ತಿಳದ ಮಾಡಿದ್ನಿ. ನನ್ನಂಗ ನಂಬಿ ಕುಂತ ಮಂದಿ ಎಷ್ಟೋ ಇದ್ದರು, ಅವರಿಗೂ ಹೇಳಲಿಲ್ಲ. ಹೇಳಿದ್ರ ನೀ ಸರಿ ಮಾಡಿ ಬಿಡತಿದ್ದಿ." ಎರಡೂ ಕೈ ಎತ್ತಿ ನನಗೆ ಮುಗಿದರು. "ಕ್ಷಮಾ ನಾ ಕೇಳಬೇಕು."

ನಾನು ಆ ಕೈ ಹಿಡಿಯಲಿಲ್ಲ. ಎದ್ದು ನಿಂತು ಕೂಗಿದೆ. "ಹೇಳಬೇಕಿತ್ತಲ್ರಿ! ದಿನಾ ಎದುರಿಗೇ ಕುಂತಿದ್ನಿ. ಕಾಕಾನೂ ಹೇಳಲಿಲ್ಲ, ನೀವೂ ಹೇಳಲಿಲ್ಲ. ನಾ ಏನ ಗಾಜಿನ ಗೊಂಬಿ ಏನ್ರಿ? ನನ್ನ ಗಂಡ ಸತ್ತಾನ, ನಾ ಸತ್ತಿಲ್ಲ!" ಇನ್ನೂ ಏನೇನೋ ಅಂದೆ. ಅವನ ಮೇಲೂ ಅಂದೆ, ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದು ಬರೆದಿಟ್ಟು ಹೋದವನ ಮೇಲೆ. ಕಿಟಕಿ ತೆರೆದಿತ್ತು, ಪಕ್ಕದ ಶೆಡ್ಡಿನವರು ಕೇಳಿಸಿಕೊಂಡಿರಬೇಕು. ನಡುವೆ ಎಲ್ಲೋ ಮಾತು ನಿಂತು ಅಳು ಬಂತು. ಬಹಳ ಹೊತ್ತು ನಿಲ್ಲಲಿಲ್ಲ. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, "ಅಳವಾ, ಅಳು," ಎನ್ನುತ್ತಿದ್ದರು. ಅವರೂ ಅಳುತ್ತಿದ್ದರು. ಊಟದ ಹೊತ್ತು ಮೀರಿಹೋಯಿತು, ಎರಡು ಗಂಟೆಗೆ ಉಂಡೆವು.

ಊಟವಾದ ಮೇಲೆ ಸಂದೇಶ ಬರೆದೆ. ತಪ್ಪು ನನ್ನದು, ಎಚ್ಚರಿಕೆ ಓದದೆ ಬಿಟ್ಟೆ, ಜುಲೈ 28ರಿಂದ ಸೆಪ್ಟೆಂಬರ್ 2ರವರೆಗೆ ಗಂಟೆ ತಡವಾಗಿ ಬಡಿದಿದೆ, ಪ್ರಾಯಶ್ಚಿತ್ತ ಬೇಕಾದವರು ಈ ದಿನಗಳನ್ನು ಹಿಡಿಯಬೇಕು, ಕ್ಷಮಿಸಿ. ಅತ್ತೆ ಓದಿಸಿಕೊಂಡರು. "ನನ್ನ ಹೆಸರೂ ಹಾಕು. ಗೊತ್ತಿದ್ದೂ ಸುಮ್ಮನ ಇದ್ಲು ಅಂತ ಬರಿ," ಅಂದರು. ಬೇಡ ಅಂದೆ. ಹಾಕಿಸಿಯೇ ಬಿಟ್ಟರು. ಅವರ ಪ್ರಾಯಶ್ಚಿತ್ತಕ್ಕೆ ಇದು ಶುರುವಂತೆ.

ಉತ್ತರಗಳು ಬರುತ್ತಿವೆ. ಹೆಚ್ಚಿನವು ಈ ದಿನ ಎಲ್ಲರೂ ಹೇಳುವ 'ಉತ್ತಮ ಕ್ಷಮಾ' ಎಂಬ ಎರಡೇ ಪದ. ಕಬನೂರದ ಪ್ರಿಯದರ್ಶನಿ ಎಂಬವರು ಮಾತ್ರ ಉದ್ದಕ್ಕೆ ಬರೆದಿದ್ದಾರೆ. ಅವರ ತಾಯಿ ಹಾಸಿಗೆ ಹಿಡಿದವರು, ಈ ಪರ್ವ ಬಹುಶಃ ಅವರ ಕೊನೆಯದು, ಅದನ್ನು ನಾನು ಹಾಳು ಮಾಡಿದೆ, ಇಂದು ಕ್ಷಮಾವಣಿ ಎಂದು ಕ್ಷಮಿಸಬೇಕಾಗಿದೆ, ನಾಳೆ ಕೇಳಿದ್ದರೆ ಕ್ಷಮಿಸುತ್ತಿರಲಿಲ್ಲ ಎಂದು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಾಳೆ ಕಬನೂರಕ್ಕೆ ಹೋಗಿ ಅವರ ತಾಯಿಯನ್ನು ನೋಡಿ ಬರುತ್ತೇನೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ.

ಐದರ ಸುಮಾರಿಗೆ ಅತ್ತೆ ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಒಂದ ಕೇಳಲೇನ? ಬೈಬ್ಯಾಡ."

"ಕೇಳ್ರಿ."

"ಮಂದಿಗೆಲ್ಲಾ ಸರಿಯಾದ ಗಂಟಿನ ಇರಲಿ. ಅದರ ಮ್ಯಾಲನ ನಾನೂ ನೀರ ಕುಡೀತೇನಿ, ಇನ್ನ ತಪ್ಪಂಗಿಲ್ಲ. ಆದರ ನನ್ನ ಫೋನಿಗೆ ಒಂದಕ್ಕ ಆ ತಡಾ ಗಂಟಿನೂ ಇಡಾಕ ಬರತೈತೇನು? ಬರೇ ಕೇಳಾಕ."

ಬರುತ್ತದೆ ಅಂದೆ. ಅವನ ಫೈಲುಗಳನ್ನು ಇನ್ನು ಮುಟ್ಟುವುದು ಬೇಡವೆಂದು ಬೇರೆ ಫೈಲು ಮಾಡಿದೆ, ನನ್ನ ರೀತಿಯದು, ಇಂಪೋರ್ಟಿನದು. ಹಳೆಯ ಕೋಡು ಹೊಸದನ್ನು ಕರೆದಾಗ ಬರುವ ಈ ತಕರಾರು ಹೊಸದು ಹಳೆಯದನ್ನು ಕರೆದಾಗ ಇಲ್ಲ. ಅವನ ಗಂಟೆಯ ಫೈಲನ್ನು ನಾನು ಕರೆದೆ, ಯಾವ ಬಣ್ಣದ ಸಾಲೂ ಬರಲಿಲ್ಲ. ಬಂದಿಲ್ಲ ಎಂದು ಎರಡು ಸಲ ನೋಡಿದೆ. ಒಟ್ಟು ಹನ್ನೊಂದು ಸಾಲು.

ಆರು ಮೂವತ್ತೈದಕ್ಕೆ ಎಲ್ಲರ ಗಂಟೆ ಬಡಿಯಿತು. ಅತ್ತೆ ಗುಳಿಗೆ ನುಂಗಿ, ನೀರು ಕುಡಿದು, ತಂಬಿಗೆ ಬೋರಲು ಹಾಕಿದರು. ಹೊತ್ತು ಮುಳುಗಿತು. ಹೊರಗಿನ ಕೋಣೆಯಲ್ಲಿ ದೀಪ ಹಾಕಿ ಇಬ್ಬರೂ ಕೂತೆವು. ಏಳು ಆರಕ್ಕೆ ಅವರ ಫೋನಿನಲ್ಲಿ ಇನ್ನೊಂದು ಗಂಟೆ ಬಡಿಯಿತು. ಸದ್ದು ಮುಗಿಯುವ ತನಕ ಅತ್ತೆ ಬಾಗಿಲ ಕಡೆ ನೋಡುತ್ತಿದ್ದರು. ನಾನೂ ನೋಡಿದೆ.